ಅತ್ತೆ ನಿಲ್ಲಿಸಿದ ಸಿನಿಮಾ

ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯವರ ಸಾಲು ಶುರುವಾದರೆ ಹನ್ನೊಂದರವರೆಗೂ ಸೂಜಿ ಕೆಳಗಿಡುವಂತಿಲ್ಲ. ರಕ್ತ ಕಂಡರೆ ನನಗೇನೂ ಅನ್ನಿಸುವುದಿಲ್ಲ ಎಂದು ಹದಿನಾಲ್ಕು ವರ್ಷದಿಂದ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೆ. ಹರಿಹರದಲ್ಲಿ ಆ ಸಿನಿಮಾ ನೋಡುವವರೆಗೆ ಅದು ನಿಜವೂ ಆಗಿತ್ತು.

ನನ್ನ ಜೊತೆ ಕೆಲಸ ಮಾಡುವ ಹುಡುಗಿ ಹರಿಹರದವಳು, ಕ್ರೈಸ್ತರ ಮನೆಯವಳು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಒಂದು ಶನಿವಾರ ಕೈಗವಸು ಬಿಚ್ಚುತ್ತಾ, "ಅಕ್ಕಾ, ನಾಳೆ ಸಂಜೆ ನಾಕಕ್ಕೆ ನಮ್ಮ ಚರ್ಚಿನ ಹಾಲ್‌ನಾಗ ಸಿನಿಮಾ ಹಾಕ್ತಾರೆ. ಯೇಸುಸ್ವಾಮಿದು, ಕನ್ನಡದಾಗೇ ಐತೆ. ಅತ್ತೇರ್ನೂ ಕರ್ಕಂಡ್ ಬರ್ರಿ" ಎಂದಳು.

ನನ್ನ ಅತ್ತೆಗೆ ಎಪ್ಪತ್ತೆರಡು. ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಬೆಳಗ್ಗೆ ಲಿಂಗಪೂಜೆ ಮುಗಿಯದೆ ನೀರು ಮುಟ್ಟುವವರಲ್ಲ. ಆದರೆ ದೇವರ ಸಿನಿಮಾ ಎಂದರೆ ಯಾವ ದೇವರು ಎಂದು ಕೇಳುವವರೂ ಅಲ್ಲ. ಟೀವಿಯಲ್ಲಿ ರಾಕ್ಷಸರ ತಲೆ ಉರುಳುತ್ತಿದ್ದರೆ ಸೊಪ್ಪು ಸೋಸುತ್ತಾ ಕೂತು, "ಹಾಂ, ಇನ್ನೊಂದ್ ಬಿತ್ತು" ಎನ್ನುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ.

ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟರು. ಬ್ಯಾಗಿಗೆ ಒಂದು ತೆಂಗಿನಕಾಯಿ, ಒಂದು ಮಾರು ಮಲ್ಲಿಗೆ, ಒಂದು ಪೊಟ್ಟಣ ಖಾರ ಮಂಡಕ್ಕಿ ಹಾಕಿಕೊಂಡರು. ಬಸ್ಸಿನಲ್ಲಿ, "ಹಾಡು ಎಷ್ಟದಾವಂತೆ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ.

ಹಾಲ್ ಚಿಕ್ಕದು. ಗೋಡೆಗೆ ಬಿಳಿ ಪರದೆ ಕಟ್ಟಿ, ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಹುಡುಗಿಯ ತಾಯಿ ಜಪಸರ ಹಿಡಿದು ಕೂತಿದ್ದರು. ಅತ್ತೆ ಕೊಟ್ಟ ತೆಂಗಿನಕಾಯಿಯನ್ನು ಎರಡೂ ಕೈಯಿಂದ ಇಸಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ತೊಡೆಯ ಮೇಲೇ ಇಟ್ಟುಕೊಂಡರು. ಲ್ಯಾಪ್‌ಟಾಪ್ ಹತ್ತಿರ ನಿಂತಿದ್ದ ಫಾದರ್ ಇನ್ನೂ ಚಿಕ್ಕ ವಯಸ್ಸಿನವರು. "ಕೆಲವು ದೃಶ್ಯ ಸ್ವಲ್ಪ ಕಠಿಣ ಇದಾವೆ, ಮನಸ್ಸು ಗಟ್ಟಿ ಮಾಡ್ಕೊಂಡು ನೋಡಿ" ಎಂದರು. ಅತ್ತೆ ಮಂಡಕ್ಕಿ ಪೊಟ್ಟಣ ಬಿಚ್ಚಿದರು.

ಮೊದಲ ಅರ್ಧ ಗಂಟೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಸೈನಿಕರು ಸ್ವಾಮಿಯನ್ನು ಅವರ ತಾಯಿಯ ಕಣ್ಣೆದುರೇ ಕಂಬಕ್ಕೆ ಕಟ್ಟಿದರು. ಚಾಟಿ ಬೀಸಿದರು. ಬೆನ್ನ ಚರ್ಮ ಕಿತ್ತು ಬಂತು. ಇನ್ನೊಂದು ಏಟು, ಮತ್ತೊಂದು. ಹುಡುಗಿಯ ತಾಯಿ ಕಣ್ಣು ಮುಚ್ಚಿ ಮಣಿ ಎಣಿಸತೊಡಗಿದರು. ನಮ್ಮ ಹಿಂದೆ ಕೂತಿದ್ದ ರಿಟೈರ್ಡ್ ಪೊಲೀಸರೊಬ್ಬರು, "ಹಿಂಗೇ ಆಗಿದ್ದದು, ಹಿಂಗೇ" ಎಂದು ಗೊಣಗುತ್ತಿದ್ದರು. ನಾನು ಅತ್ತೆಯ ಕಿವಿಯಲ್ಲಿ, "ರಕ್ತದ ಬಣ್ಣ ಸರಿ ಇಲ್ಲ. ಇಷ್ಟೊತ್ತಿಗೆ ಹೆಪ್ಪುಗಟ್ಟಬೇಕಿತ್ತು" ಎಂದೆ.

ಅತ್ತೆ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಮಂಡಕ್ಕಿ ಹಿಡಿದಿದ್ದ ಕೈ ಬಾಯಿಯ ಹತ್ತಿರವೇ ನಿಂತಿತ್ತು. ಒಮ್ಮೆಲೇ ಎದ್ದು ಪರದೆಯ ಕಡೆ ನಡೆದೇಬಿಟ್ಟರು.

"ಏ ಸಾಕು ಬಿಡ್ರೋ! ನಿಮ್ಮ ಕೈ ಸೇದಿಹೋಗ್ಲಿ! ಹೆತ್ತ ತಾಯಿ ಅಲ್ಲೇ ನಿಂತಾಳ, ಕಣ್ಣು ಕಾಣ್ಸಲ್ಲೇನ್ರೋ!"

ಪ್ರೊಜೆಕ್ಟರಿನ ಬೆಳಕಿಗೆ ಅವರು ಅಡ್ಡ ಬಂದಿದ್ದರು. ಪರದೆಯ ತುಂಬ ಅತ್ತೆಯ ನೆರಳು, ತುರುಬಿನ ಸಮೇತ. ಎತ್ತಿದ ಕೈಯ ನೆರಳು ಒಬ್ಬ ಸೈನಿಕನ ಕೆನ್ನೆಯ ಮೇಲೆ ಸರಿಯಾಗಿ ಕೂತಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಯಾರೋ "ಶ್" ಅಂದರು. ನನಗೆ ಕುರ್ಚಿಯ ಕೆಳಗೆ ತೂರಿಕೊಳ್ಳಬೇಕೆನಿಸಿತು. ಫಾದರ್ ಗಾಬರಿಯಾಗಿ ಸಿನಿಮಾ ನಿಲ್ಲಿಸಿ ಲೈಟ್ ಹಾಕಿದರು.

ಲೈಟ್ ಬಂದದ್ದೇ ತಡ, ಎಲ್ಲರೂ ಮಾತಾಡತೊಡಗಿದರು. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು, "ಅಮ್ಮ ಹೇಳೋದು ಸರಿ ಐತೆ ಫಾದರ್, ಇದೊಂದು ಮುಂದಕ್ಕ ಓಡ್ಸಿ" ಎಂದಳು. ಪೊಲೀಸರು ಎದ್ದು ನಿಂತರು. "ಓಡ್ಸಬಾರ್ದು. ಆತ ನಮಗೋಸ್ಕರ ಮೈಮೇಲೆ ತಗಂಡ. ನಮಗೆ ಕುರ್ಚಿ ಮೇಲೆ ಕೂತು ನೋಡಾಕೂ ಆಗಲ್ವಾ? ಪೂರ್ತಿ ನೋಡ್ಬೇಕು!" ಅವರ ಗಂಟಲಿಗೆ ಹಾಲ್ ತಣ್ಣಗಾಯಿತು.

ಹುಡುಗಿಯ ತಾಯಿ ಅತ್ತೆಯ ಕೈ ಹಿಡಿದು ಕೂರಿಸಿದರು. ಅತ್ತೆ ಇನ್ನೂ ಏದುಸಿರು ಬಿಡುತ್ತಿದ್ದರು.

"ಅಲ್ರೀ ತಾಯಿ, ಕೊನಿಗೆ ಏನಾಗ್ತತೆ? ಬದುಕ್ತಾನೇನು?"

"ಸಾಯ್ತಾನ್ರೀ ಅಮ್ಮ. ಮೂರನೇ ದಿನ ಎದ್ದು ಬರ್ತಾನೆ."

"ಖರೇನಾ?"

"ಹೂಂನ್ರೀ. ಅದೇ ನಮ್ಮ ಹಬ್ಬ."

ಅತ್ತೆ ಕಣ್ಣೊರೆಸಿಕೊಂಡು ಫಾದರ್ ಕಡೆ ತಿರುಗಿದರು. "ಹಂಗಾದ್ರ ಅದನ್ನ ಮೊದ್ಲು ಹಾಕ್ರಿ ಸ್ವಾಮಿ. ಆಮೇಲೆ ಇದನ್ನ ಎಷ್ಟು ಬೇಕಾದ್ರೂ ನೋಡ್ತೀನಿ."

ಫಾದರ್ ಒಂದು ಕ್ಷಣ ಲ್ಯಾಪ್‌ಟಾಪ್ ನೋಡಿದರು, ಒಂದು ಕ್ಷಣ ಪೊಲೀಸರನ್ನು ನೋಡಿದರು. ಆಮೇಲೆ ಸಿನಿಮಾವನ್ನು ಕೊನೆಗೆ ಓಡಿಸಿದರು. ಬಂಡೆ ಸರಿಯಿತು, ಗುಹೆಯೊಳಗೆ ಬೆಳಕು ಬಿತ್ತು, ಸ್ವಾಮಿ ಎದ್ದು ಹೊರಬಂದರು. ಅತ್ತೆ ನಿಂತು ಕೈ ಮುಗಿದರು. "ಹಾಂ, ಈಗ ಹಿಂದಕ್ಕ ಹೋಗ್ರಿ" ಎಂದು ಮಂಡಕ್ಕಿ ಪೊಟ್ಟಣ ತೊಡೆಗೆ ಎಳೆದುಕೊಂಡರು.

ಅಲ್ಲಿಂದ ಮುಂದೆ ಅತ್ತೆ ಅಲುಗಾಡಲಿಲ್ಲ. ಚಾಟಿ ಬಿದ್ದಾಗ, "ಹೊಡೀರಿ ಹೊಡೀರಿ, ನಿಮಗ ಐತೆ ಮೂರನೇ ದಿನ" ಎಂದರು. ಪೂರ್ತಿ ನೋಡಬೇಕೆಂದಿದ್ದ ಪೊಲೀಸರಿಗೆ ಮಾತ್ರ ಒಂದರ ಹಿಂದೆ ಒಂದು ಫೋನ್ ಬರತೊಡಗಿದವು. ರಿಂಗಾಗದ ಫೋನನ್ನು ಕಿವಿಗಿಟ್ಟುಕೊಂಡು ಮೂರು ಸಲ ಹೊರಗೆ ಹೋದರು.

ನಾನು ಗಟ್ಟಿಯಾಗಿಯೇ ಕೂತಿದ್ದೆ. ಸೈನಿಕನೊಬ್ಬ ಸ್ವಾಮಿಯ ಕೈಯನ್ನು ಮರದ ಮೇಲೆ ಚಾಚಿ, ಮೊಳೆ ಎಲ್ಲಿ ಇಳಿಸಬೇಕೆಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ಹುಡುಕಿದ. ನಾನು ದಿನಾ ನರ ಹುಡುಕುವುದು ಹಾಗೆಯೇ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಮುಖದ ಮೇಲೆ ನೀರು, ಮೂಗಿನ ಹತ್ತಿರ ಮಲ್ಲಿಗೆಯ ಮಾಲೆ. ಸಿನಿಮಾ ಎರಡನೇ ಸಲ ನಿಂತಿತ್ತು. ಪೊಲೀಸರು ಬಹಳ ಸಂತೋಷದಿಂದ ನನಗೆ ಗಾಳಿ ಹಾಕುತ್ತಿದ್ದರು.

"ಏನಿಲ್ರೀ, ನಮ್ಮ ಸೊಸಿ ಲ್ಯಾಬಿನಾಗ ರಕ್ತ ತೆಗೀತಾಳ" ಎಂದು ಅತ್ತೆ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು.

ಸೋಮವಾರ ಲ್ಯಾಬಿನಲ್ಲಿ ಹುಡುಗಿ ನನ್ನನ್ನು ನೋಡಿ ನಗಲಿಲ್ಲ. ಟೀ ಕುಡಿಯುವಾಗ ಹೇಳಿದಳು. ಆ ಸಿನಿಮಾವನ್ನು ಪ್ರತಿವರ್ಷ ಹಾಕುತ್ತಾರಂತೆ. ಅವಳ ತಾಯಿ ಪ್ರತಿವರ್ಷ ಮುಂದಿನ ಸಾಲಿನಲ್ಲಿ ಕೂತು, ಚಾಟಿ ಬಂದದ್ದೇ ಕಣ್ಣು ಮುಚ್ಚಿ, ಕೊನೆಯ ಬೆಳಕು ಬಂದಾಗ ತೆರೆಯುತ್ತಾರಂತೆ. "ಈ ಸಲ ಪೂರ್ತಿ ನೋಡಿದ್ಲಕ್ಕಾ. ನಿಮ್ಮತ್ತೇರ ಕೈ ಹಿಡ್ಕಂಡು." ನಾನು ಅವಳ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದೆ.

ಎರಡು ತಿಂಗಳ ಮೇಲೆ ದಾವಣಗೆರೆಯ ಟಾಕೀಸಿಗೆ ಒಂದು ದೇವಿಯ ಸಿನಿಮಾ ಬಂತು. ಅತ್ತೆ ಫೋನ್ ಮಾಡಿ ಹುಡುಗಿಯ ತಾಯಿಯನ್ನು ಕರೆಸಿದರು. ನಾನು ಗೋಡೆಯ ಕಡೆಯ ಸೀಟು ಹಿಡಿದೆ. ಕೊನೆಯಲ್ಲಿ ಹತ್ತು ಕೈಯ ರಾಕ್ಷಸ ಬಂದ. ದೇವಿ ಕತ್ತಿ ಎತ್ತಿದಳು. ಮೊದಲ ಕೈ ಹಾರಿದ್ದೇ ಹುಡುಗಿಯ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಜಪಸರ ಹೊರತೆಗೆದರು.

ಸ್ವಲ್ಪ ಹೊತ್ತಾದ ಮೇಲೆ ಸೆರಗಿನೊಳಗಿಂದ ಸಣ್ಣ ದನಿ ಬಂತು. "ಮುಗೀತೇನ್ರೀ ಅಮ್ಮ?"

ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ತಡೀರಿ ತಾಯಿ. ಇನ್ನ ನಾಕು ಕೈ ಅದಾವ."