ತಲೆ ಎಣಿಸಲು ಕೊಡದ ಊರು

ಇಂದ್ರಾಬಾಯಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಪಂಚಾಯಿತಿ ಅಧ್ಯಕ್ಷೆಯಾದ ಮೇಲೆ ಸರಕಾರ ಒಂದು ಕುರ್ಚಿ ಕೊಟ್ಟಿತ್ತು ನಿಜ. ಆದರೆ ಅದರ ಮೇಲೆ ಆಕೆ ಕೂತದ್ದಕ್ಕಿಂತ ಕಾರ್ಯದರ್ಶಿಯ ಟವೆಲ್ಲು ಕೂತದ್ದೇ ಹೆಚ್ಚು. ಬೆಳಗಾದರೆ ನೀರಿನ ಟಾಕಿಯ ಹತ್ತಿರ, ಬಿಸಿಲೇರಿದರೆ ಶಾಲೆಯ ಹತ್ತಿರ, ಆಮೇಲೆ ಬಾಗೇವಾಡಿಯ ಬಸ್ಸಿನಲ್ಲಿ. "ಕಾಲಿಗೆ ಗಾಲಿ ಕಟಗೊಂಡಾಳ ಇಕಿ" ಎಂದು ಅತ್ತೆ ಶೇವಂತೆವ್ವ ಕಟ್ಟೆಯ ಮೇಲೆ ಕೂತು ಗೊಣಗುತ್ತಿದ್ದಳು.

ಆಕೆಯ ಊರು ಕಣಕಿಹಾಳ. ಬಸವನ ಬಾಗೇವಾಡಿಗೂ ನಿಡಗುಂದಿಗೂ ನಡುವೆ, ಹಳ್ಳದ ದಂಡೆಯ ಮೇಲಿದೆ. ಕುರಿ ಕಾಯುವವರ ಮನೆಗಳೇ ಹೆಚ್ಚು. ಈ ಊರಿನ ಆಡಳಿತದ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಗೌಡಕಿ ನಡೆಯುತ್ತಿದ್ದ ಕಾಲದಲ್ಲಿ ಗೌಡ ಇದ್ದದ್ದು ಹಳ್ಳದಾಚೆಯ ಹಿರೇಜಾಲಿಹಾಳದಲ್ಲಿ. ಗೌಡಕಿ ಹೋಗಿ ಗ್ರೂಪ್ ಪಂಚಾಯಿತಿ ಬಂತು, ಅದರ ಕಚೇರಿಯೂ ಅಲ್ಲೇ. ಮಂಡಲ ಪಂಚಾಯಿತಿ ಬಂತು, ಬೋರ್ಡು ಬದಲಾಯಿತೇ ಹೊರತು ಬಾಗಿಲು ಬದಲಾಗಲಿಲ್ಲ. ಮಳೆಗಾಲದಲ್ಲಿ ಹಳ್ಳ ಬಂದರೆ ಮುಗಿಯಿತು, ಹುಟ್ಟಿದವರನ್ನು ಬರೆಸುವಂತಿಲ್ಲ, ಸತ್ತವರನ್ನೂ ಬರೆಸುವಂತಿಲ್ಲ. ಹಳ್ಳ ಇಳಿದ ಮೇಲೆ ಹೋದರೂ ಅಲ್ಲಿಯವರು ಇವರನ್ನು ಪಡಸಾಲೆಯ ಕೆಳಗೆ ನಿಲ್ಲಿಸಿ, "ಏನಪಾ, ಕುರಿ ಬಿಟ್ಟ್ ಬಂದ್ರೇನು?" ಎಂದು ನಗುತ್ತಿದ್ದರು. ಅತ್ತೆಯ ಪಿಂಚಣಿ ಕಾಗದ ಹಿಡಿದು ಇಂದ್ರಾಬಾಯಿಯೂ ಹಾಗೆ ನಿಂತವಳೇ. ಆ ನಗು ಆಕೆಯ ಹೊಟ್ಟೆಯೊಳಗೆ ಹಾಗೇ ಕೂತುಬಿಟ್ಟಿತ್ತು.

ತೊಂಬತ್ಮೂರರಲ್ಲಿ ಹೊಸ ಕಾಯ್ದೆ ಬಂದಾಗ, ಪುಣ್ಯಕ್ಕೆ, ಸುತ್ತಲಿನ ಎರಡು ಸಣ್ಣ ಊರುಗಳನ್ನು ಸೇರಿಸಿ ಕಣಕಿಹಾಳಕ್ಕೇ ಪಂಚಾಯಿತಿ ಕೊಟ್ಟರು. ಎರಡು ಸಾವಿರದ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಬಂತು. ಇಂದ್ರಾಬಾಯಿ ಗೆದ್ದಳು. ಗೆದ್ದ ಕೆಲವೇ ತಿಂಗಳಿಗೆ ಬಾಗೇವಾಡಿಯಿಂದ ಒಂದು ಸುದ್ದಿ ತಂದಳು. ಜನ ಕಡಿಮೆ ಇರುವ ಪಂಚಾಯಿತಿಗಳನ್ನು ಮುರಿದು ದೊಡ್ಡ ಊರಿಗೆ ಕೂಡಿಸುತ್ತಾರಂತೆ. ಬರುವ ಜನಗಣತಿಯಲ್ಲಿ ಎಷ್ಟು ತಲೆ ಬಂದವೋ ಅದರ ಮೇಲೆ ಊರಿನ ಹಣೆಬರಹ. ಕಡಿಮೆ ಬಿದ್ದರೆ ಮತ್ತೆ ಹಿರೇಜಾಲಿಹಾಳ, ಮತ್ತೆ ಆ ಪಡಸಾಲೆ.

ಬೇರೆ ಊರಾಗಿದ್ದರೆ ಇದರಲ್ಲೇನಿದೆ ಎನ್ನಬಹುದಿತ್ತು. ಆದರೆ ಇದು ಎಣಿಸಲು ಹೆದರುವ ಊರು. ಇಲ್ಲಿ ಯಾರೂ ಕುರಿ ಎಣಿಸುವುದಿಲ್ಲ. ಎಣಿಸಿದರೆ ಹಿಂಡು ಇಳಿಯುತ್ತದೆ ಎಂಬ ನಂಬಿಕೆ. ಆಕೆಯ ಗಂಡ ಧೂಳಪ್ಪ ಸಂಜೆ ಹಟ್ಟಿಯ ಬಾಯಿಗೆ ನಿಂತು, ಮುಖ ನೋಡಿಯೇ ಯಾವ ಕುರಿ ಬಂದಿಲ್ಲ ಎಂದು ಹೇಳುತ್ತಿದ್ದ. ಮಕ್ಕಳ ವಿಷಯವೂ ಅಷ್ಟೇ. ಯಾರಾದರೂ ಕೇಳಿದರೆ ತಾಯಂದಿರು ಒಂದನ್ನು ಬಿಟ್ಟು ಹೇಳುತ್ತಾರೆ. ಬಿಟ್ಟದ್ದು ಉಳಿಯುತ್ತದೆ, ಅದರ ಆಸರೆಗೆ ಉಳಿದವೂ ಉಳಿಯುತ್ತವೆ ಎಂದು ಲೆಕ್ಕ.

ಜನಗಣತಿಗೆ ಮುಂಚೆ ಇಂದ್ರಾಬಾಯಿ ಮನೆ ಮನೆ ತಿರುಗಿದಳು. ನಿಂತಲ್ಲಿ ನಿಲ್ಲದೆ, ಕೊಟ್ಟ ಚಹಾ ಕುಡಿಯದೆ, ಒಂದೇ ಸಮನೆ ಹೇಳಿದಳು. "ಕೂಸು ತೊಟ್ಟಲದಾಗಿರ್ಲಿ, ಮುದುಕಿ ಹಾಸಿಗ್ಯಾಗಿರ್ಲಿ, ಎಲ್ಲಾರ್ನೂ ಬರಸ್ರಿ. ಒಂದು ತಲಿ ಬಿಟ್ರ ಊರು ಬಿಟ್ಟಂಗ." ಎಲ್ಲರೂ ಹೂಂ ಎಂದರು. ನೆರೆಮನೆಯ ಗುಂಡವ್ವ ಸೆರಗು ಬಾಯಿಗೆ ಹಿಡಿದು, "ನೀ ಹೇಳಿದ್ಮ್ಯಾಲ ಆತ್ ಬಿಡವಾ" ಎಂದಳು.

ಫೆಬ್ರವರಿಯಲ್ಲಿ ಗಣತಿಯ ಮಾಸ್ತರು ಇಂದ್ರಾಬಾಯಿಯ ಮನೆಗೇ ಮೊದಲು ಬಂದರು. ಅತ್ತೆ, ಗಂಡ, ಮಗ ಸಿದ್ಧರಾಮ, ಸೊಸೆ ಮಾಲಾ, ಎಲ್ಲರನ್ನೂ ಆಕೆ ಗಟ್ಟಿಯಾಗಿ ಹೇಳಿ ಬರೆಸಿದಳು. "ಸಣ್ಣ ಹುಡುಗ್ರೇನರ ಅದಾವ್ರಿ?" ಎಂದು ಮಾಸ್ತರು ಕೇಳಿದರು.

ಒಳಗೆ ಮೊಮ್ಮಗ ಪರಪ್ಪ ಮಲಗಿದ್ದ. ಇಪ್ಪತ್ತು ವರ್ಷದ ಹಿಂದೆ ಇಂಥದೇ ಗಣತಿಯವರ ಮುಂದೆ ಆಕೆ ತನ್ನ ಮಕ್ಕಳನ್ನು ಜಂಬದಿಂದ ಒಬ್ಬೊಬ್ಬರನ್ನಾಗಿ ಹೇಳಿದ್ದಳು. ಆ ಬೇಸಿಗೆಯಲ್ಲಿ ವಾಂತಿಭೇದಿ ಬಂದು ಹಿರಿಯ ಮಗ ಹೋದ. "ಎಣಿಸಿ ಕೊಟ್ಟಿ ನೀ" ಎಂದು ಅತ್ತೆ ಅಂದ ಮಾತು ಇನ್ನೂ ಕಿವಿಯಲ್ಲಿತ್ತು. ಹೋದ ಮಗನ ಹೆಸರೂ ಪರಪ್ಪನೇ. ಅದೇ ಹೆಸರನ್ನು ಮೊಮ್ಮಗನಿಗೆ ಇಟ್ಟಿದ್ದರು.

"ಇಲ್ರಿ" ಎಂದಳು ಇಂದ್ರಾಬಾಯಿ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಾಲಾಳ ಕೈ ನಿಂತಿತು. ಮಾಸ್ತರು ಮುಂದಿನ ಮನೆಗೆ ಹೋದರು.

ಕೆಲವು ತಿಂಗಳಾದ ಮೇಲೆ ಸುದ್ದಿ ಬಂತು. ಹತ್ತು ವರ್ಷದ ಹಿಂದೆ ಇದ್ದದ್ದಕ್ಕಿಂತ ಕಣಕಿಹಾಳದಲ್ಲಿ ಜನ ಕಡಿಮೆಯಾಗಿದ್ದಾರೆ! ಓಣಿಯಲ್ಲಿ ಕಾಲಿಟ್ಟರೆ ಹುಡುಗರು ತೊಡರುತ್ತಾರೆ, ಕಾಗದದಲ್ಲಿ ನೋಡಿದರೆ ಊರು ಬರಿದಾಗುತ್ತಿದೆ. ಪಂಚಾಯಿತಿಯನ್ನು ಹಿರೇಜಾಲಿಹಾಳಕ್ಕೆ ಕೂಡಿಸಲು ಯೋಚನೆ ನಡೆದಿದೆ, ತಕರಾರಿದ್ದರೆ ತಾಲೂಕಿನಿಂದ ಅಧಿಕಾರಿ ಬಂದು ಕೇಳುತ್ತಾರೆ ಎಂದು ನೋಟೀಸು ಹಚ್ಚಿದರು.

ಇಂದ್ರಾಬಾಯಿಗೆ ಮೈಯೆಲ್ಲಾ ಉರಿದು ಹೋಯಿತು. ಮತ್ತೆ ಮನೆ ಮನೆ ತಿರುಗಿದಳು, ಈ ಸಲ ಜಗಳಕ್ಕೆ. "ಯಾರ್ನ ಮುಚ್ಚಿಟ್ಟಿ ಹೇಳು" ಎಂದು ಗುಂಡವ್ವನನ್ನು ಕೇಳಿದರೆ, "ನನ್ನ ಮಕ್ಕಳಾಣಿ, ಯಾರನ್ನೂ ಬಿಟ್ಟಿಲ್ಲ" ಎಂದಳು. ಹೇಳುವಾಗ ಆಕೆಯ ಸಣ್ಣ ಮಗಳು ಸೆರಗಿನ ಹಿಂದೆ ನಿಂತಿದ್ದಳು. ಎಲ್ಲರದೂ ಅದೇ ಮಾತು. ಸುಳ್ಳರು, ಎಲ್ಲರೂ ಸುಳ್ಳರು ಎಂದು ಬೈಯುತ್ತ ಮನೆಗೆ ಬಂದಳು.

"ಅತ್ತಿ, ನಮ್ಮ ಮನ್ಯಾಗ ಯಾರನ್ನೂ ಬಿಟ್ಟಿಲ್ಲೇನ್ರಿ?" ಎಂದು ಮಾಲಾ ಮೆಲ್ಲಗೆ ಕೇಳಿದಳು.

ಇಂದ್ರಾಬಾಯಿ ಬೆಳಿಗ್ಗೆಯೇ ಗುಡಿಸಿದ್ದ ಅಂಗಳವನ್ನು ಮತ್ತೊಮ್ಮೆ ಗುಡಿಸಿದಳು. ಬಿಂದಿಗೆ ತೆಗೆದುಕೊಂಡು ಟಾಕಿಗೆ ಹೋದಳು, ನೀರು ತುಂಬಿಸದೆ ವಾಪಸು ಬಂದಳು. ಗಂಡ ಧೂಳಪ್ಪನಿಗೆ ವಿಷಯ ತಿಳಿದಿತ್ತು. "ಪಂಚಾಯ್ತಿ ಹೋದ್ರ ಹೋಗ್ಲಿ. ಕೂಸಿನ ಗೊಡವಿಗೆ ಹೋಗಬ್ಯಾಡ" ಎಂದ ಆತ. ಇಂದ್ರಾಬಾಯಿ ಕೂಸು ಸೀನಿದರೂ ಓಡಿ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದಳು.

ಅಧಿಕಾರಿ ಬಂದ ದಿನ ಪಂಚಾಯಿತಿ ಕಚೇರಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಇಂದ್ರಾಬಾಯಿ ಕುರ್ಚಿ ಬಿಟ್ಟು ನಿಂತೇ ಮಾತಾಡಿದಳು. ಲೆಕ್ಕ ತಪ್ಪಾಗಿದೆ, ಊರಿನ ಜನ ಎಷ್ಟೋ ಬಿಟ್ಟುಹೋಗಿದ್ದಾರೆ ಎಂದಳು.

ಅಧಿಕಾರಿ ಸಮಾಧಾನದ ಮನುಷ್ಯ. ಪೆನ್ನು ತೆಗೆದು ಕೇಳಿದ: "ಆತ್ರಿ ಅಧ್ಯಕ್ಷರ. ಬಿಟ್ಟವರ ಹೆಸರು ಹೇಳ್ರಿ, ಬರಕೊಂಡು ಮ್ಯಾಲ ಕಳಸ್ತೇನಿ. ಸುಮ್ನ ತಪ್ಪೈತಿ ಅಂದ್ರ ಯಾರು ಕೇಳ್ತಾರ?"

ಇಂದ್ರಾಬಾಯಿ ಜನರ ಕಡೆ ತಿರುಗಿದಳು. ಗುಂಡವ್ವ ನೆಲ ನೋಡಿದಳು. ಗಂಡಸರು ತಲೆಯ ಪಟಕಾ ಸರಿಮಾಡಿಕೊಂಡರು. ಎಲ್ಲರ ಮನೆಯಲ್ಲೂ ಒಂದೊಂದು ತಲೆ ಅಡಗಿದೆ ಎಂದು ಆಕೆಗೆ ಗೊತ್ತಿತ್ತು, ತನ್ನ ಮನೆಯಲ್ಲಿಯೂ ಅಡಗಿದೆ ಎಂದು ಅವರಿಗೂ ಗೊತ್ತಿತ್ತು. ಬಾಗಿಲ ಹತ್ತಿರ ಮಾಲಾ ಪರಪ್ಪನನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು.

"ಯಾರೂ ಇಲ್ಲೇನ್ರಿ ಹಂಗಾದ್ರ?" ಎಂದು ಅಧಿಕಾರಿ ಪೆನ್ನಿನ ಟೋಪಿ ಹಾಕಹೊರಟ.

"ತಡೀರಿ ಸಾಹೇಬ್ರ" ಎಂದಳು ಇಂದ್ರಾಬಾಯಿ. ಸೊಸೆಯ ಕೈಯಿಂದ ಕೂಸನ್ನು ಇಸಿದುಕೊಂಡು ಮೇಜಿನ ಮುಂದೆ ಬಂದಳು. "ಬರಕೋರಿ. ಪರಪ್ಪ, ತಂದಿ ಸಿದ್ಧರಾಮ. ನನ್ನ ಮೊಮ್ಮಗ. ಊರಿಗೆಲ್ಲಾ ಬರಸ್ರಿ ಅಂತ ಹೇಳ್ಕೋತ ತಿರಗಿದಾಕಿನೂ ನಾನs, ಇವನ್ನ ಇಲ್ಲಂತ ಹೇಳಿದಾಕಿನೂ ನಾನs."

ಹಿಂದೆ ಶೇವಂತೆವ್ವ ದೃಷ್ಟಿ ತಾಗದಿರಲೆಂದು ಲಟಿಕೆ ಮುರಿದ ಸದ್ದು ಕೇಳಿತು. ಅಧಿಕಾರಿ ಬರೆದುಕೊಂಡ. ಆಮೇಲೆ ಗುಂಡವ್ವ ಸೆರಗಿನ ಹಿಂದಿನ ಮಗಳನ್ನು ಮುಂದಕ್ಕೆ ತಂದು, "ಇದರದೂ ಬರಕೋರಿ" ಎಂದಳು. ಅನಂತರ ಒಬ್ಬರ ಹಿಂದೆ ಒಬ್ಬರು ಬಂದರು. ಹೆಸರು ಹೇಳುವುದು, ಅತ್ತ ತಿರುಗಿ ಮಗುವಿನ ಕೆನ್ನೆ ನೀವಿ ದೃಷ್ಟಿ ತೆಗೆಯುವುದು. ಅಧಿಕಾರಿ ಎರಡು ಸಲ ಹಾಳೆ ಬದಲಿಸಬೇಕಾಯಿತು.

ಪಂಚಾಯಿತಿ ಕಣಕಿಹಾಳದಲ್ಲೇ ಉಳಿಯಿತು. ಅದು ತಿಳಿದದ್ದು ಬಹಳ ತಡವಾಗಿ. ಆ ದಿನ ಮಾತ್ರ ಇಂದ್ರಾಬಾಯಿ ಮನೆಗೆ ಬಂದು ಹೊಸ್ತಿಲ ಒಳಗೆ ಕೂತಳು. ಎಲ್ಲಿಗೂ ಏಳಲಿಲ್ಲ. ಪರಪ್ಪ ತೊಡೆಯ ಮೇಲೆ ಕಾಲು ಒದರಿ, ಕೆಳಗಿಳಿಯಲು ಹಟ ಮಾಡುತ್ತಿದ್ದ.

"ಅತ್ತಿ, ಇಳಿಸ್ರಿ ಅವನ್ನ. ಆಡ್ಕೊಳ್ಲಿ" ಎಂದಳು ಮಾಲಾ.

"ಆಡ್ಲಿ ತಗೋ, ನಾ ಬ್ಯಾಡ ಅಂದೇನೇನು?" ಎಂದಳು ಇಂದ್ರಾಬಾಯಿ. ಅಂದಳಷ್ಟೇ. ಸಂಜೆ ಕುರಿ ಹಟ್ಟಿಗೆ ಬಂದರೂ ಆಕೆಯ ಕೈ ಬಿಚ್ಚಲಿಲ್ಲ.