ನನ್ನ ಸ್ಕೂಟರಿನ ಪಾಸಿಂಗ್

ದುಂಡಸಿಯ ಶಾಲೆ ಮುಗಿಸಿ ಶಿಗ್ಗಾವಿಗೆ ಮರಳುತ್ತಿದ್ದೆ. ಊರು ಇನ್ನೇನು ಬಂತು ಎನ್ನುವಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಹೆಲ್ಮೆಟ್ ಇತ್ತು, ಲೈಸೆನ್ಸ್ ಇತ್ತು, ಹೆದರಿಕೆಯೇನೂ ಆಗಲಿಲ್ಲ. ಹವಾಲ್ದಾರರು ನನ್ನ ಆರ್‌ಸಿ ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು.

“ಅಕ್ಕಾರ, ಇದರ ಅವಧಿ ಮುಗದೈತ್ರಿ. ಹದಿನೈದು ವರ್ಷ ಆತು.”

ನೌಕರಿಗೆ ಸೇರಿದ ವರ್ಷ ಕೊಂಡ ಸ್ಕೂಟರ್ ಅದು. ನೋಂದಣಿಗೂ ಒಂದು ಅವಧಿ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅವರು ದಂಡದ ರಸೀದಿ ಹರಿದು ಕೊಟ್ಟರು.

“ಮನ್ಯಾಗ ಗಂಡಸರಿಗೆ ಹೇಳ್ರಿ, ಹಾವೇರಿ ಆರ್‌ಟಿಓಕ್ಕ ಹೋಗಿ ಪಾಸಿಂಗ್ ಮಾಡಿಸ್ಕೊಂಡು ಬರ್ತಾರ. ಅಲ್ಲೀತನಕ ರೋಡಿಗೆ ತರಬ್ಯಾಡ್ರಿ.”

“ಗಾಡಿ ನನ್ನ ಹೆಸರಿಗೆ ಐತ್ರಿ. ನಾನ ಹೋಗ್ತೇನಿ,” ಎಂದೆ. “ಆದ್ರ ರೋಡಿಗೆ ತರಲಾರ್ದ ಹಾವೇರಿಗೆ ಹೆಂಗ ಒಯ್ಯೂದ್ರಿ?”

ಅವರು ನನ್ನ ಕೈಯಲ್ಲಿದ್ದ ರಸೀದಿಯತ್ತ ಬೆರಳು ತೋರಿಸಿದರು. “ರಸೀದಿ ಸಂಗಾಟ ಇಟ್ಕೊಂಡು ಸೀದಾ ಹೋಗ್ರಿ. ಯಾರರ ಕೇಳಿದ್ರ ತೋರಸ್ರಿ.”

ಮನೆಯಲ್ಲಿ ಯಜಮಾನರದು ಬೇರೆಯೇ ಲೆಕ್ಕ. “ಹಳೇ ಗಾಡಿ, ಮಾರಿಬಿಡು. ಇಲ್ಲಾಂದ್ರ ಏಜೆಂಟಗ ಕೊಡೂಣು. ನೀ ಯಾಕ ಅಲೆದಾಡ್ತಿ?”

“ಚಲೋನ ಓಡಾಕತ್ತೈತಲ್ರಿ. ಎಷ್ಟು ಸಲ ಹೋಗೂದಾದ್ರೂ ನಾನ ಹೋಗ್ತೇನಿ,” ಎಂದೆ. ಪಾಸಿಂಗ್ ಆಗುವವರೆಗೆ ಶಾಲೆಗೆ ಬಸ್ಸಿನಲ್ಲೇ ಓಡಾಡಿದೆ.

ಮೊದಲ ಸಲ ಹಾವೇರಿಗೆ ಹೋದಾಗ ಆರ್‌ಟಿಓದ ಇನ್‌ಸ್ಪೆಕ್ಟರು ಗಾಡಿ ಸುತ್ತಿ ನೋಡಿ ತಲೆಯಾಡಿಸಿದರು. ಒಂದು ಇಂಡಿಕೇಟರ್ ಹತ್ತುತ್ತಿರಲಿಲ್ಲ. ಗಾಡಿಯ ಚೌಕಟ್ಟಿನ ಮೇಲೆ ಕೊರೆದ ಚಾಸಿಸ್ ನಂಬರು ತುಕ್ಕಿನಡಿ ಮುಚ್ಚಿಹೋಗಿತ್ತು. “ಸರಿ ಮಾಡಿಸಿ ತರ್ರಿ,” ಎಂದು ಮುಂದಿನ ಗಾಡಿಗೆ ಹೋದರು. ಮರಳುವ ದಾರಿಯುದ್ದಕ್ಕೂ ನನಗೆ ಅಳು ಬರುವಂತಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಇಂಡಿಕೇಟರನ್ನು ಗ್ಯಾರೇಜಿನ ಮೇಸ್ತ್ರಿ ಸರಿ ಮಾಡಿಕೊಟ್ಟ. ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತುಕ್ಕು ತಿಕ್ಕತೊಡಗಿದೆ. ಸ್ವಲ್ಪ ಹೊತ್ತಿಗೆ ಯಜಮಾನರು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮೊಬೈಲಿನ ಬೆಳಕು ಹಿಡಿದರು. ಅಂಕಿಗಳು ಒಂದೊಂದಾಗಿ ಮೇಲೆದ್ದವು. ಅವರು ಓದುತ್ತ ಹೋದರು, ನಾನು ಕಾರ್ಡಿನೊಡನೆ ತಾಳೆ ನೋಡಿದೆ.

“ಎಲ್ಲಾ ಕೂಡತಾವು,” ಎಂದರು. “ನಾಳೆ ನಾನೂ ಬರ್ಲೇನು?”

“ಬ್ಯಾಡ್ರಿ. ಮುಂಜಾನಿ ನೀರಷ್ಟು ತುಂಬಿಡ್ರಿ, ಸಾಕು.”

ಎರಡನೆಯ ಸಲ ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. “ಯಾರ ತಿಕ್ಕಿದ್ರಿ ಇದನ್ನ?”

“ನಾನರೀ.”

ಅವರು ಸಹಿ ಮಾಡಿದರು. ಇನ್ನು ಐದು ವರ್ಷ ಯಾರೂ ಕೇಳುವಂತಿಲ್ಲ ಎಂದರು.

ಮರಳುವಾಗ ಬಂಕಾಪುರದ ಹತ್ತಿರ ಗಾಡಿ ನಿಲ್ಲಿಸಿ ಒಂದು ಹೋಟೆಲಿಗೆ ಹೋದೆ. ಈ ವಯಸ್ಸಿನವರೆಗೆ ಹೋಟೆಲಿನಲ್ಲಿ ಒಬ್ಬಳೇ ಕುಳಿತವಳಲ್ಲ. ಬಾಗಿಲ ಕಡೆಯ ಟೇಬಲ್ಲಿನಲ್ಲೇ ಕುಳಿತು, ನಿಧಾನವಾಗಿ ಚಹಾ ಕುಡಿದು, ಇನ್ನೊಂದು ಕಪ್ಪು ತರಿಸಿಕೊಂಡೆ.