ಮೊಮ್ಮಗಳ ಮೊದಲ ಅಂಗಿ

ನನ್ನ ವಾರಗಿತ್ತಿಯನ್ನು ಬೀದಿಯವರೆಲ್ಲ ಕರೆಯುವುದು ‘ಮಿಷನ್ ಅಕ್ಕ’ ಎಂದು. ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಒಂದೇ ಅಂಗಡಿಯಲ್ಲಿ ಹೊಲಿದವರು. ಹೊಗಳಿಕೆಯೆಲ್ಲ ಅವಳ ಕೈಗುಣಕ್ಕೆ. ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಹೊಟ್ಟೆಕಿಚ್ಚು ಇತ್ತು, ಇದೆ. ಮುಚ್ಚಿಡುವುದೇನು ಬಂತು?

ವಯಸ್ಸಾದ ಮೇಲೆ ಇಬ್ಬರಿಗೂ ತಲೆಯೊಳಗೇ ಕೆಟ್ಟಿತು. ಮಿದುಳಿನ ಆಳದಲ್ಲಿ, ಕೈ ಮುಟ್ಟಿದ್ದನ್ನು ಮೇಲಕ್ಕೆ ತಿಳಿಸುವ ಭಾಗವೊಂದಿದೆ, ಕೈಕಾಲನ್ನು ಹದವಾಗಿ ಆಡಿಸುವ ಭಾಗ ಇನ್ನೊಂದಿದೆ ಎಂದರು ಡಾಕ್ಟರು. ಅಕ್ಕನಿಗೆ ಮೊದಲನೆಯದರ ಎರಡೂ ಬದಿಯಲ್ಲಿ ರಕ್ತದ ಓಟ ನಿಂತಿತ್ತು: ಕೈ ಆಡುತ್ತದೆ, ಮುಟ್ಟಿದ್ದು ತಿಳಿಯುವುದಿಲ್ಲ. ನನಗೆ ಎರಡನೆಯದು ಸೊರಗಿತು. ಮುಟ್ಟಿದ್ದೆಲ್ಲ ತಿಳಿಯುತ್ತದೆ, ಆದರೆ ಕೈ ನಡುಗುತ್ತದೆ, ನನ್ನ ಮಾತು ಕೇಳುವುದಿಲ್ಲ. ಕಾಯಿಲೆಯಲ್ಲೂ ಒಳ್ಳೆಯದು ಅವಳಿಗೇ ಹೋಯಿತಲ್ಲ! ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡು ಅವಳು ಇನ್ನೂ ಹೊಲಿಯುತ್ತಾಳೆ. ನಾನು ಕುರ್ಚಿಯಲ್ಲಿ ಕೂತು ಕರುಬುತ್ತೇನೆ.

ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಮೊದಲ ಅಂಗಿ ನಾನೇ ಹೊಲಿಯಬೇಕೆಂದಿದ್ದೆ. ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ನನ್ನ ಮೊಮ್ಮಗಳ ಅಂಗಿಯನ್ನೂ ಅವಳೇ ಹೊಲಿದಳು. ನಡುವೆ ಸೂಜಿ ಮುರಿದರೂ ಹೊಸದು ಹಾಕಿ ಮುಗಿಸಿದಳು. ಹಸುಗೂಸಿನ ಬಟ್ಟೆ ಕೊಡುವ ಮುಂಚೆ ಕಣ್ಣು ಮುಚ್ಚಿ ಒಳಹೊಲಿಗೆಯ ಮೇಲೆಲ್ಲ ಬೆರಳಾಡಿಸುವುದು ನಮ್ಮ ಅಂಗಡಿಯ ಪದ್ಧತಿ. ಅದು ಈಗ ಅವಳಿಂದಾಗದು. ಆದರೂ ನನ್ನನ್ನು ಕರೆಯಲಿಲ್ಲ, ನಾನೇಕೆ ಮೇಲೆ ಬಿದ್ದು ಹೋಗಲಿ?

ಅಂಗಿ ತೊಡಿಸಿದ್ದೇ ತಡ, ಮಗು ಕಿಟಾರನೆ ಕಿರುಚಿತು. ಎದೆಹಾಲು ಕೊಟ್ಟರೂ ಸುಮ್ಮನಾಗಲಿಲ್ಲ. ಅಂಗಿ ಬಿಚ್ಚಿಸಿ ಕುತ್ತಿಗೆಪಟ್ಟಿಯ ಮೇಲೆ ಬೆರಳಾಡಿಸಿದೆ. ಮುರಿದ ಸೂಜಿಯ ಮೊನೆ!

“ನೋಡ್ರೇ ಮಿಷನ್ ಅಕ್ಕನ ಕೆಲ್ಸ!” ಎನ್ನಲು ಬಾಯಿ ತೆರೆದೆ. ಅಕ್ಕನ ಮುಖ ಬಿಳಿಚಿಕೊಂಡಿತ್ತು. ಮೊದಲು ಅದನ್ನು ಕೀಳೋಣವೆಂದು ಹಿಡಿದರೆ ಹಾಳು ಕೈ ನಡುಗಿ ಜಾರಿತು.

“ಬಾ ಅಕ್ಕ, ಇಲ್ಲಿದೆ. ನೀನೇ ಕೀಳು,” ಎಂದೆ.

ನಾನು ಒತ್ತಿ ತೋರಿಸಿದೆ. ಅವಳು ಉಗುರಲ್ಲಿ ಹಿಡಿದು ಒಂದೇ ಎಳೆತಕ್ಕೆ ಕಿತ್ತಳು. ಅಷ್ಟರಲ್ಲಿ ಮಗು ಸುಮ್ಮನಾಗಿತ್ತು. ಅಕ್ಕ ಅದರ ಕೆನ್ನೆ ಸವರಿದಳು, ಮತ್ತೆ ಮತ್ತೆ ಸವರಿದಳು.

“ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೇ,” ಎಂದಳು ನನ್ನ ಕಡೆ ತಿರುಗಿ. “ಹೇಳು, ಕೆನ್ನೆ ಬೆಚ್ಚಗಿದ್ಯಾ?”

ನಡುಗುವ ಬೆರಳನ್ನು ಮಗುವಿನ ಕೆನ್ನೆಗಿಟ್ಟೆ. ಬೆಚ್ಚಗಿತ್ತು. ತಕ್ಷಣ ಹೇಳಲಿಲ್ಲ, ಇಷ್ಟು ವರ್ಷದಲ್ಲಿ ಅವಳಿಗಿಲ್ಲದೆ ನನಗೆ ಸಿಕ್ಕಿದ್ದು ಅದೊಂದೇ.